ಗಿರವಿಯ ಓಲೆ: ‘ಒಡವೆ ಬೇಡ, ನೀನು ಬೇಕು’ ಎನ್ನುವ ಹಾಡನ್ನು ಕಟ್ಟುವ ಬಗೆ

ಕನ್ನಡದಲ್ಲಿ ಹಾಡು ಬರೆಯಲು ಕೂತವರೆಲ್ಲ ಒಂದಲ್ಲ ಒಂದು ದಿನ ‘ಸಿರಿ ಬೇಡ, ಸಂಪತ್ತು ಬೇಡ, ನಿನ್ನ ಪ್ರೀತಿ ಸಾಕು’ ಎಂಬ ಸಾಲಿಗೆ ಬಂದೇ ಬರುತ್ತಾರೆ. ಸಿನಿಮಾ ಹಾಡಿರಲಿ, ಭಾವಗೀತೆಯಿರಲಿ, ರೀಲ್ಸ್‌ಗೆಂದು ಮಾಡಿದ ಅರ್ಧ ನಿಮಿಷದ ತುಣುಕಿರಲಿ, ಸಾಲು ಅದೇ. ಟ್ಯೂನ್ ಎಷ್ಟೇ ಚೆನ್ನಾಗಿದ್ದರೂ ಸಾಹಿತ್ಯ ಮಾತ್ರ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಭಾವ ಸುಳ್ಳು ಅಂತಲ್ಲ. ‘ಸಿರಿ’, ‘ಸಂಪತ್ತು’, ‘ಐಶ್ವರ್ಯ’ ಎಂದರೆ ಕೇಳುವವರ ಕಣ್ಣ ಮುಂದೆ ಏನೂ ಬರುವುದಿಲ್ಲ. ಏನನ್ನು ಬೇಡವೆಂದರು ಎಂಬುದೇ ತಿಳಿಯದಿದ್ದಾಗ, ಬೇಡವೆಂದದ್ದು ದೊಡ್ಡ ವಿಷಯ ಅನ್ನಿಸುವುದು ಹೇಗೆ?

ಈ ಬಗೆಯ ಹಾಡು ನಿಲ್ಲುವುದು ಪ್ರೀತಿಯ ವರ್ಣನೆಯ ಮೇಲಲ್ಲ, ಬಿಟ್ಟುಕೊಟ್ಟ ವಸ್ತುವಿನ ಮೇಲೆ. ಆ ವಸ್ತು ಹೆಸರಿರುವಂಥದ್ದಾಗಿರಬೇಕು, ಹಾಡುವವರಿಗೆ ನಿಜಕ್ಕೂ ಬೇಕಾದದ್ದಾಗಿರಬೇಕು, ಬಿಟ್ಟರೆ ನೋಯುವಂಥದ್ದಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಾಡು ಬರೀ ಬಾಯಿಮಾತು.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿ ಬೇಕೆಂದರೆ ಬೇಂದ್ರೆಯವರ ‘ನಾನು ಬಡವಿ ಆತ ಬಡವ ಒಲವೆ ನಮ್ಮ ಬದುಕು’ ಒಂದೇ ಸಾಕು. ಮೊದಲು ಅದರ ಅಳತೆ ನೋಡಿ. ಮಾತ್ರೆ ಎಂದರೆ ಒಂದು ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ನಾನು–ಬಡವಿ–ಆತ–ಬಡವ, ಒಲವೆ–ನಮ್ಮ–ಬದುಕು: ಏಳು ಗಣ, ಅಂದರೆ ಮಾತ್ರೆಗಳ ಏಳು ಗುಂಪು, ಪ್ರತಿಯೊಂದಕ್ಕೂ ಮೂರೇ ಮಾತ್ರೆ, ಪ್ರತಿ ಗಣವೂ ಒಂದು ಪೂರ್ತಿ ಪದ. ಎಲ್ಲೂ ಪದ ಒಡೆಯುವುದಿಲ್ಲ. ಎಂಟನೆಯ ಗಣದ ಜಾಗ ಖಾಲಿ, ಹಾಡುವವರು ಉಸಿರು ತೆಗೆದುಕೊಳ್ಳುವುದು ಅಲ್ಲಿ. ಮೂರು ಮೂರರ, ಅಂದರೆ ತಿಸ್ರ ನಡೆಯ ಈ ಲಯ ಕುಣಿಯುವ ಲಯ, ಅಳುವ ಲಯವಲ್ಲ. ‘ಬಡವಿ’ ಎಂಬ ಮಾತು ಸಾಲಿನ ಎರಡನೆಯ ಗಣದಲ್ಲೇ ಬಂದರೂ ಹಾಡಿನಲ್ಲಿ ದೈನ್ಯದ ಸುಳಿವಿಲ್ಲದಿರುವುದಕ್ಕೆ ಅರ್ಧ ಕಾರಣ ಈ ನಡೆ.

ಇನ್ನರ್ಧ ಕಾರಣ ಒಳಗಿನ ಲೆಕ್ಕಾಚಾರ. ಇಡೀ ಹಾಡಿನಲ್ಲಿ ‘ಬೇಡ’ ಎಂಬ ಮಾತೇ ಇಲ್ಲ. ಅವಳು ಯಾವುದನ್ನೂ ತಿರಸ್ಕರಿಸುತ್ತಿಲ್ಲ, ಒಂದೊಂದು ಒಡವೆಯ ಜಾಗಕ್ಕೂ ಅವನನ್ನು ತಂದಿಡುತ್ತಿದ್ದಾಳೆ. ಕಿವಿಗೆ ಓಲೆ, ಮೈಗೆ ಬಟ್ಟೆ, ತೋಳಿಗೆ ತೋಳಬಂದಿ, ಕೆನ್ನೆಗೆ ಮುತ್ತು: ಒಡವೆ ಎಲ್ಲಿ ಕೂರಬೇಕೋ ಅಲ್ಲೇ ಅವನ ಮಾತು, ಅವನ ಮೈಬಿಸಿ, ಅವನ ತೋಳು ಕೂರುತ್ತವೆ. ಓಲೆಗೂ ಮುತ್ತಿಗೂ ಇರುವ ಎರಡೆರಡು ಅರ್ಥ ಇಲ್ಲಿ ಚಮತ್ಕಾರಕ್ಕಾಗಿ ಬಂದದ್ದಲ್ಲ, ಅದಲುಬದಲು ನಡೆಯುವುದೇ ಅವುಗಳಿಂದ. ಒಲವು ಎಂಬುದು ಎರಡನೆಯ ಸಾಲಿನಲ್ಲೇ ‘ಅದಕು ಇದಕು ಎದಕು’ ಬಳಸಿಕೊಳ್ಳುವ ಮನೆಬಳಕೆಯ ಸಾಮಾನಾಗಿ ಬಿಡುತ್ತದೆ. ಇದೇ ಬೇಂದ್ರೆ ಹಣದ ಅಟ್ಟಹಾಸವನ್ನು ‘ಕುರುಡು ಕಾಂಚಾಣ’ದಲ್ಲಿ ಬೇರೆಯೇ ಗತ್ತಿನಲ್ಲಿ ಕುಣಿಸಿದರು. ಹಣದ ಮೇಲಿನ ಸಿಟ್ಟನ್ನು ಪ್ರೇಮದ ಹಾಡಿಗೆ ತರಲಿಲ್ಲ, ಪ್ರೇಮವನ್ನು ಆ ಸಿಟ್ಟಿನ ಹಾಡಿಗೆ ತರಲಿಲ್ಲ. ಹೊಸಬರು ಎಡವುವುದು ಇಲ್ಲೇ. ಪಲ್ಲವಿಯಲ್ಲಿ ನಲ್ಲನನ್ನು ಕರೆದು, ಚರಣದಲ್ಲಿ ಲೋಕದ ದುರಾಸೆಗೆ ಬೈಯಲು ಹೋಗುತ್ತಾರೆ.

ಜನಪದ ತ್ರಿಪದಿಗೂ ಈ ವಿದ್ಯೆ ಗೊತ್ತಿತ್ತು. ಕೂಸು ಇದ್ದ ಮನೆಗೆ ಬೀಸಣಿಗೆ ಯಾತಕ ಎಂದು ಕೇಳುವ ಪದವನ್ನು ನೆನೆಸಿಕೊಳ್ಳಿ. ಕೂಸು ಒಳಗೂ ಹೊರಗೂ ಓಡಾಡಿದರೆ ಗಾಳಿ ತಾನಾಗಿ ಸುಳಿಯುತ್ತದೆ. ಬೀಸಣಿಗೆ ಮಾಡುವ ಕೆಲಸವನ್ನೇ ಕೂಸೂ ಮಾಡುತ್ತದೆ, ಅದಕ್ಕೇ ಅದಲುಬದಲು ನಂಬಿಕೆ ಹುಟ್ಟಿಸುತ್ತದೆ. ‘ಕೂಸಿದ್ದರೆ ಅರಮನೆ ಯಾಕೆ’ ಎಂದಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ವಸ್ತು ಚಿಕ್ಕದಾದಷ್ಟೂ, ಅದರ ಕೆಲಸ ಸ್ಪಷ್ಟವಾದಷ್ಟೂ ಹಾಡಿಗೆ ಬಲ. ಕೂಸು, ಬೀಸಣಿಗೆ ಎರಡರಲ್ಲೂ ಎರಡನೆಯ ಅಕ್ಷರ ‘ಸ’ಕಾರ ಆಗಿರುವುದರಿಂದ ಕಿವಿಯೇ ಅವೆರಡನ್ನು ಜೋಡಿ ಮಾಡಿಬಿಡುತ್ತದೆ.

ಬರೆಯಲು ಶುರು ಮಾಡುವ ಮೊದಲು ತೀರ್ಮಾನಿಸಬೇಕಾದದ್ದು: ಯಾರು, ಯಾರಿಗೆ ಹೇಳುತ್ತಿದ್ದಾರೆ? ಹೆಣ್ಣು ‘ನನಗೆ ಒಡವೆ ಬೇಡ’ ಎಂದರೆ ಅದಕ್ಕೊಂದು ತೂಕವಿದೆ. ನಮ್ಮ ಬಹಳಷ್ಟು ಮನೆಗಳಲ್ಲಿ ಅವಳದು ಎಂದು ಹೇಳಿಕೊಳ್ಳುವ ಆಸ್ತಿ ಅವಳ ಮೈಮೇಲಿನ ಬಂಗಾರವೊಂದೇ. ಕಾಯಿಲೆಗೆ, ಮಕ್ಕಳ ಫೀಸಿಗೆ, ಬಿತ್ತನೆಗೆ ಮೊದಲು ಹೋಗುವುದೂ ಅದೇ. ಹಾಗಾಗಿ ಕನ್ನಡ ಹಾಡಿನಲ್ಲಿ ಬಂಗಾರ ಎಂದರೆ ಬರೀ ಥಳಕಲ್ಲ, ಆಪತ್ತಿಗೆ ಇಟ್ಟ ಗಂಟು. ಅದನ್ನು ಬಿಡುತ್ತೇನೆ ಎಂದಾಗ ಅವಳು ನಿಜವಾಗಿಯೂ ಏನನ್ನೋ ಬಿಡುತ್ತಿದ್ದಾಳೆ.

ಗಂಡು ಹೆಣ್ಣಿಗೆ ‘ನಿನಗೆ ಒಡವೆ ಯಾಕೆ, ನಾನಿಲ್ಲವೇ’ ಎಂದು ಹಾಡಿದರೆ ಅದು ಖರ್ಚು ತಪ್ಪಿಸಿಕೊಳ್ಳುವ ಉಪಾಯದಂತೆ ಕೇಳಿಸುತ್ತದೆ. ಮದುವೆಯಲ್ಲಿ ಬಂಗಾರವನ್ನು ತೂಗಿ ತೂಗಿ ಕೇಳಿದ ಕಡೆಯವನ ಬಾಯಲ್ಲಂತೂ ಕೇಳುವುದೇ ಬೇಡ. ಗಂಡಿನ ದನಿಯಲ್ಲಿ ಬರೆಯಬೇಕಾದರೆ ಮೂರು ದಾರಿಗಳಿವೆ, ಮೂರಕ್ಕೂ ಒಳ್ಳೆಯ ಉದಾಹರಣೆಗಳಿವೆ.

ಮೊದಲನೆಯದು ತನ್ನ ಲಾಭವನ್ನು ತಾನು ಎಣಿಸಿಕೊಳ್ಳುವುದು. 1942ರಲ್ಲಿ ‘ಮೈಸೂರ ಮಲ್ಲಿಗೆ’ ಕೊಟ್ಟ ಕೆ.ಎಸ್. ನರಸಿಂಹಸ್ವಾಮಿಯವರ ಗಂಡ, ಹೆಂಡತಿಯೊಬ್ಬಳು ಮನೆಯೊಳಗಿದ್ದರೆ ತನಗದೇ ಕೋಟಿ ರುಪಾಯಿ ಎನ್ನುತ್ತಾನೆ. ಅವಳು ಏನನ್ನು ಬಿಡಬೇಕು ಎಂದು ಅವನು ಹೇಳುತ್ತಿಲ್ಲ, ತನಗೆ ಎಷ್ಟು ಸಿಕ್ಕಿತು ಎಂದು ಹಿಗ್ಗುತ್ತಿದ್ದಾನೆ. ನಾಲ್ಕು ಮಾತ್ರೆಯ ಗಣಗಳು, ಕೊನೆಗೆ ಮೂರು: ಹೆಂಡತಿ–ಯೊಬ್ಬಳು–ಮನೆಯೊಳ–ಗಿದ್ದರೆ, ನನಗದೆ–ಕೋಟಿರು–ಪಾಯಿ. ರುಪಾಯಿಗೆ ‘ಸಿಪಾಯಿ’ಯನ್ನು ಪ್ರಾಸವಾಗಿ ತಂದು ನಗಿಸುತ್ತಾರೆ. ಆ ತಮಾಷೆಯೇ ಹಾಡನ್ನು ಭಾವಾತಿರೇಕದಿಂದ ಕಾಪಾಡಿದೆ. ಬೆಂಗಳೂರಿನಲ್ಲಿ ಈಗ ಕೋಟಿಗೆ ಏನು ಬರುತ್ತದೆ ಎಂದು ಕೊಂಕು ತೆಗೆಯಬಹುದು, ಆದರೂ ‘ಕೋಟಿ’ ಎಂಬುದು ಮಕ್ಕಳು ಬಾಯಿಗೆ ಬಂದಂತೆ ಹೇಳುವ ಸಂಖ್ಯೆ, ಮಾರುಕಟ್ಟೆ ದರ ಅದನ್ನು ಮುಟ್ಟುವುದಿಲ್ಲ.

ಎರಡನೆಯ ದಾರಿ, ಎಲ್ಲವನ್ನೂ ಕೊಡುತ್ತೇನೆ ಎಂದು ಮೊದಲೇ ಒಪ್ಪಿಕೊಳ್ಳುವುದು. ಬೀಟಲ್ಸ್ ತಂಡ 1964ರ ಜನವರಿ 29ರಂದು ಪ್ಯಾರಿಸ್ಸಿನಲ್ಲಿ ರೆಕಾರ್ಡ್ ಮಾಡಿದ ‘ಕಾಂಟ್ ಬೈ ಮಿ ಲವ್’ ಹೀಗೆ ನಡೆಯುತ್ತದೆ. ವಜ್ರದುಂಗುರ ಬೇಕೆಂದರೆ ಕೊಡಿಸುತ್ತೇನೆ ಎಂದು ಹುಡುಗ ಮೊದಲು ಹೇಳಿಬಿಡುತ್ತಾನೆ, ಹಣದ ಕೈಲಾಗದ್ದು ಯಾವುದು ಎಂಬುದು ಆಮೇಲೆ. ಜುಗ್ಗ ಅನ್ನಿಸುವುದಿಲ್ಲ. ಹಾಡು ಚರಣದಿಂದ ಅಲ್ಲ, ಆವರ್ತಿಸುವ ಸಾಲಿನಿಂದಲೇ ಶುರುವಾಗಲಿ ಎಂದು ಸೂಚಿಸಿದವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಚರಣಗಳು ಹನ್ನೆರಡು ಬಾರ್‌ಗಳ (ತಾಳದ ಸುತ್ತುಗಳ) ಬ್ಲೂಸ್ ಚೌಕಟ್ಟಿನಲ್ಲಿವೆ. ದುಃಖಕ್ಕೆ ಹೆಸರಾದ ಚೌಕಟ್ಟನ್ನು ಓಡುವ ವೇಗದಲ್ಲಿ ಬಾರಿಸಿದ್ದರಿಂದ ದೂರು ಹೋಗಿ ಹುಮ್ಮಸ್ಸು ಉಳಿದಿದೆ. ನಿರ್ಧಾರದ ಸಾಲನ್ನು ಮೊದಲೇ ಕೊಟ್ಟು ಕಾರಣಗಳನ್ನು ಹಿಂದಿನಿಂದ ತರುವ ಈ ಕ್ರಮ ನಮ್ಮ ಪಲ್ಲವಿ–ಚರಣದ ಕ್ರಮವೇ ಆದ್ದರಿಂದ ಕನ್ನಡಕ್ಕೆ ಸಲೀಸಾಗಿ ಒಗ್ಗುತ್ತದೆ.

ಮೂರನೆಯದು ಕೈ ಖಾಲಿ ಎಂದು ನಾಚಿಕೊಂಡೇ ಹೇಳುವುದು. 1928ರ ‘ಬ್ಲ್ಯಾಕ್‌ಬರ್ಡ್ಸ್ ಆಫ್ 1928’ ಎಂಬ ಬ್ರಾಡ್‌ವೇ ಪ್ರದರ್ಶನದ ‘ಐ ಕಾಂಟ್ ಗಿವ್ ಯು ಎನಿಥಿಂಗ್ ಬಟ್ ಲವ್’ ಇದಕ್ಕೆ ಮಾದರಿ. ಸಂಗೀತ ಜಿಮ್ಮಿ ಮ್ಯಾಕ್‌ಹ್ಯೂ, ಸಾಹಿತ್ಯ ಡೊರೊಥಿ ಫೀಲ್ಡ್ಸ್ ಹೆಸರಿನಲ್ಲಿದೆ. ವುಲ್‌ವರ್ತ್ ಅಂಗಡಿಯಲ್ಲಿ ಸಿಗದ ವಜ್ರದ ಬಳೆಗಳ ಮಾತು ಅದರಲ್ಲಿ ಬರುತ್ತದೆ. ಐದು, ಹತ್ತು ಸೆಂಟಿನ ಸಾಮಾನಿಗೆ ಹೆಸರಾಗಿದ್ದ ಅಂಗಡಿಯನ್ನು ಹೆಸರಿಸಿದ್ದರಿಂದ ಹುಡುಗನ ಜೇಬಿನ ಅಳತೆ ಒಂದೇ ಪದದಲ್ಲಿ ಸಿಕ್ಕಿಬಿಡುತ್ತದೆ. ಅಪಾಯವೂ ಅದೇ ಪದದಲ್ಲಿದೆ. ಅಮೆರಿಕದಲ್ಲಿ ಆ ಅಂಗಡಿಗಳು 1997ರಲ್ಲಿ ಮುಚ್ಚಿದವು, ಈಗ ಕೇಳುವವರಿಗೆ ವಿವರಣೆ ಬೇಕು. ಹಾಡಿಗೆ ಬ್ರ್ಯಾಂಡ್ ಹೆಸರು ತರುವವರು ಇದನ್ನು ತಿಳಿದೇ ತರಬೇಕು. ಫೋನಿನ ಮಾಡೆಲ್ ಹೆಸರು ಹಾಕಿದ ಹಾಡಿಗೆ ಆ ಫೋನಿನಷ್ಟೇ ಆಯಸ್ಸು. ಒಡವೆಯ ಹೆಸರು ಹಾಕಿದರೆ ಮೂರು ತಲೆಮಾರಿಗೆ ಮೋಸವಿಲ್ಲ.

ಒಡವೆಯ ಹೆಸರನ್ನು ಆರಿಸುವಾಗ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಮಾತ್ರೆ. ಕನ್ನಡದ ಒಡವೆಗಳು ಒಂದೊಂದು ತಾಳಕ್ಕೆ ಹುಟ್ಟಿದ ಹಾಗಿವೆ. ಜುಮುಕಿ, ಬುಗುಡಿ, ವಂಕಿ, ಡಾಬು, ಓಲೆ: ಎಲ್ಲವೂ ಮೂರು ಮಾತ್ರೆ, ತಿಸ್ರಕ್ಕೆ ನೇರ ಕೂರುತ್ತವೆ. ಉತ್ತರ ಕರ್ನಾಟಕದ ಬೋರಮಾಳ ಮೂರು ಮೂರಾಗಿ ಒಡೆಯುತ್ತದೆ, ಅದೂ ತಿಸ್ರಕ್ಕೇ. ಮೂಗುತಿ ನಾಲ್ಕು. ಕಾಸಿನ ಸರ ನಾಲ್ಕು ಮತ್ತು ಎರಡು, ‘ಕಾಸಿನ ಸರವೂ’ ಎಂದರೆ ಎರಡು ಗಣ ಭರ್ತಿ. ಬೆಂಡೋಲೆ, ಬಿಲ್ವಾರ ಐದೈದು, ಖಂಡ ನಡೆಗೆ. ಅವಲಕ್ಕಿ ಸರಕ್ಕೆ ಏಳು, ಮಿಶ್ರ ನಡೆಯ ಟ್ಯೂನ್ ಕೈಗೆ ಬಂದರೆ ಬೇರೇನೂ ಹುಡುಕುವ ಅಗತ್ಯವಿಲ್ಲ. ಒಡವೆಯೇ ಆಗಬೇಕೆಂದೇನಿಲ್ಲ. ನಮ್ಮ ನಗರಗಳ ನಿಜವಾದ ಆಸೆ ‘ಮೂವತ್ತು–ನಲವತ್ತು ಸೈಟು’. ಮೂವತ್ತು ಐದು ಮಾತ್ರೆ, ನಲವತ್ತು ಐದು ಮಾತ್ರೆ, ಅಚ್ಚುಕಟ್ಟಾದ ಖಂಡ. ಇದನ್ನು ಪ್ರೇಮಗೀತೆಯಲ್ಲಿ ಬಳಸಲು ಯಾಕೋ ಎಲ್ಲರಿಗೂ ಸಂಕೋಚ.

ತೂಕ ಹೇಳುವುದಾದರೆ ಊರಿನ ಅಳತೆಯಲ್ಲೇ ಹೇಳಿ. ಧಾರವಾಡದ ಕಡೆಯ ದನಿಗೆ ತೊಲಿ, ಮಂಗಳೂರಿನ ಕಡೆಗೆ ಪವನ್. ಹಳೆಯ ತೊಲ ಹನ್ನೊಂದು ಮುಕ್ಕಾಲು ಗ್ರಾಂನ ಹತ್ತಿರ, ಪವನ್ ಎಂಟು ಗ್ರಾಂ. ಮಂಗಳೂರಿನ ಹುಡುಗಿಯ ಬಾಯಲ್ಲಿ ‘ತೊಲಿ’ ಬಂದರೆ ಅಲ್ಲಿನವರ ಕಿವಿ ಅಲ್ಲೇ ನಿಂತುಬಿಡುತ್ತದೆ, ಮುಂದಿನ ಸಾಲು ಯಾರಿಗೂ ಕೇಳಿಸುವುದಿಲ್ಲ.

ತ್ಯಜಿಸುವ ಪಟ್ಟಿಗೆ ಸೇರಿಸಬಾರದ ವಸ್ತುಗಳೂ ಇವೆ. ತಾಳಿ, ಕಾಲುಂಗುರ, ಹಸಿರು ಬಳೆ, ಮುಡಿಯ ಹೂವು. ಇವು ಬೆಲೆಬಾಳುವ ಸಾಮಾನಲ್ಲ, ಸಂಬಂಧದ ಗುರುತು. ‘ತಾಳಿಯೂ ಬೇಡ, ನೀನೊಬ್ಬ ಸಾಕು’ ಎಂದರೆ ಪ್ರೀತಿಗಿಂತ ಮೊದಲು ಅಪಶಕುನ ಕೇಳಿಸುತ್ತದೆ. ಕಥೆಯಲ್ಲಿ ಆ ಆಘಾತವೇ ಬೇಕಿದ್ದರೆ ಮಾತು ಬೇರೆ. ಇನ್ನೊಂದು ತೊಡಕು ಸಂಬೋಧನೆಯದು. ಚಿನ್ನ, ರನ್ನ, ಬಂಗಾರ, ಮುತ್ತು ಎಲ್ಲವೂ ಮುದ್ದಿನ ಕರೆಗಳೂ ಹೌದು. 1972ರ ‘ಬಂಗಾರದ ಮನುಷ್ಯ’ದಲ್ಲಿ ‘ಬಾಳ ಬಂಗಾರ ನೀನು’ ಎಂದಾಗ ಬಂಗಾರವನ್ನು ಬಿಡುತ್ತಿಲ್ಲ, ಅವನಿಗೇ ಆ ಹೆಸರು ಕೊಡುತ್ತಿದ್ದಾರೆ. ಅದು ಇನ್ನೊಂದೇ ದಾರಿ. ಎರಡನ್ನೂ ಒಂದೇ ಹಾಡಿಗೆ ತಂದರೆ ಪಲ್ಲವಿಯಲ್ಲಿ ‘ಚಿನ್ನ ಬೇಡ’ ಎಂದು ಚರಣದಲ್ಲಿ ‘ನನ್ನ ಚಿನ್ನ’ ಎನ್ನುವ ಗೊಂದಲವಾಗುತ್ತದೆ. ತ್ಯಜಿಸುವ ಹಾಡಿನಲ್ಲಿ ‘ಗೆಳೆಯ’, ‘ನಲ್ಲ’, ಅಥವಾ ಬರೀ ‘ಬಾರೊ’, ‘ಬಾರೇ’ ಕ್ಷೇಮ.

ಈಗ ಒಂದು ಪಲ್ಲವಿಯನ್ನು ಕಟ್ಟಿ ನೋಡೋಣ. ಸಂಗೀತ ನಿರ್ದೇಶಕರು ಕೊಟ್ಟ ಟ್ಯೂನ್ ‘ತಾನನ ತಾನನ ತಾನನ ತಾನನ, ತಾನನ ತಾನನ ತಾನ’ ಎಂದಿಟ್ಟುಕೊಳ್ಳಿ. ಅಂದರೆ ನಾಲ್ಕರ ನಾಲ್ಕು ಗಣ, ಮತ್ತೆ ನಾಲ್ಕರ ಎರಡು, ಕೊನೆಗೆ ಮೂರು. ಕೈ ತಾನಾಗಿ ಬರೆಯುವುದು ಹೀಗೆ:

ಸಿರಿಯೂ ಬೇಡಾ ಸಂಪದ ಬೇಡಾ
ನಿನ್ನೊಲವೊಂದೇ ಸಾಕು

ಮೀಟರ್‌ಗೆ ಚೆನ್ನಾಗಿ ಕೂತಿದೆ. ಡಮ್ಮಿ ಸಾಹಿತ್ಯವಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಹಾಗೇ ರೆಕಾರ್ಡಿಂಗಿಗೆ ಹೋಗಬಾರದು ಅಷ್ಟೇ. ‘ಸಿರಿ’, ‘ಸಂಪದ’ ಎರಡಕ್ಕೂ ಅರ್ಥ ಒಂದೇ, ನಾಲ್ಕು ಗಣ ಖರ್ಚಾದರೂ ಹೇಳಿದ್ದು ಒಂದೇ ಮಾತು. ಯಾರು ಹೇಳುತ್ತಿದ್ದಾರೆ, ಎಲ್ಲಿದ್ದಾರೆ, ಯಾವ ಹೊತ್ತು, ಒಂದೂ ಗೊತ್ತಿಲ್ಲ. ಮೊದಲ ತಿದ್ದುಪಡಿ, ‘ಸಿರಿ’ಯ ಜಾಗಕ್ಕೆ ಒಂದೇ ಒಂದು ವಸ್ತು. ಓಲೆ ಎನ್ನೋಣ. ಓಲೆಗೆ ಏನಾಗಿದೆ? ಅಡವಿಟ್ಟಿದ್ದಾರೆ. ಪ್ರೀತಿಯ ಜಾಗಕ್ಕೆ ಅವನು ಮಾಡಬಹುದಾದ ಒಂದು ಸಣ್ಣ ಕೆಲಸ: ಬೇಗ ಮನೆಗೆ ಬರುವುದು.

ಅಡವಿಟ್ಟೋಲೆಯ ಬಿಡಿಸದೆ ಇದ್ರೂ
ಸಂಜೆಗೆ ಬೇಗನೆ ಬಾರೊ

ಓದಲು ಸರಿ. ಹಾಡಿದಾಗ ಮೊದಲ ಗಣ ‘ಅಡವಿ’ಯ ಹತ್ತಿರ ಮುಗಿದು ‘ಟ್ಟೋಲೆಯ’ ಮುಂದಿನ ಗಣಕ್ಕೆ ಬೀಳುತ್ತದೆ, ಕೇಳುವವರು ಕಾಡಿಗೆ ಹೋಗಿಬಿಡುತ್ತಾರೆ. ಗಣ ಒಡೆಯುವ ಕಡೆ ಬೇರ್‍ಯಾವುದೋ ಪದ ಹುಟ್ಟಿಕೊಳ್ಳುವುದು ಟ್ಯೂನ್‌ಗೆ ಬರೆಯುವವರನ್ನು ಸದಾ ಕಾಡುವ ತೊಂದರೆ. ಕಾಗದದ ಮೇಲೆ ಅದು ಕಾಣುವುದಿಲ್ಲ, ಬೆರಳಲ್ಲಿ ತಾಳ ಹಾಕಿ ಗಟ್ಟಿಯಾಗಿ ಹೇಳಿದರೆ ಮಾತ್ರ ಸಿಕ್ಕುತ್ತದೆ. ಪರಿಹಾರ, ಪದವನ್ನೇ ಬದಲಿಸುವುದು:

ಗಿರವಿಯ ಓಲೆಯ ಬಿಡಿಸದೆ ಇದ್ರೂ
ಸಂಜೆಗೆ ಬೇಗನೆ ಬಾರೊ

ಗಿರವಿಯ, ಓಲೆಯ, ಬಿಡಿಸದೆ, ಇದ್ರೂ: ನಾಲ್ಕೂ ಪೂರ್ತಿ ಪದ, ನಾಲ್ಕಕ್ಕೂ ನಾಲ್ಕೇ ಮಾತ್ರೆ. ‘ಇದ್ದರೂ’ ಎಂದು ಗ್ರಂಥಸ್ಥವಾಗಿ ಬರೆದರೆ ಐದಾಗುತ್ತದೆ. ‘ಇದ್ದರು’ ಎಂದು ಮೊಟಕುಗೊಳಿಸಿದರೆ ಯಾರೋ ಇದ್ದರು ಎಂಬ ಅರ್ಥ ಬರುತ್ತದೆ. ಆಡುಮಾತಿನ ‘ಇದ್ರೂ’ ಎರಡೂ ಕಾಟವನ್ನು ತಪ್ಪಿಸಿ, ಮೇಲಾಗಿ ಸಾಲಿನ ಕೊನೆಗೆ ಎಳೆಯಲು ಒಂದು ದೀರ್ಘ ಕೊಡುತ್ತದೆ. ಪ್ರೀತಿ, ಒಲವು, ಪ್ರೇಮ ಯಾವುದೂ ಪಲ್ಲವಿಯಲ್ಲಿ ಇಲ್ಲ. ಬೇಕಾಗಿಲ್ಲ. ‘ಬಾರೊ’ ಎಂಬ ಏಕವಚನ ಮತ್ತು ‘ಸಂಜೆಗೆ’ ಎಂಬ ಗಡುವು ಆ ಕೆಲಸ ಮಾಡುತ್ತವೆ.

ಚರಣದಲ್ಲಿ ಎಷ್ಟು ವಸ್ತು? ಪಲ್ಲವಿಯದ್ದೂ ಸೇರಿ ಮೂರು ದಾಟಬೇಡಿ. ನಾಲ್ಕನೆಯದಕ್ಕೆ ಅದು ಹರಾಜಿನ ಪಟ್ಟಿ ಆಗುತ್ತದೆ. ಜೊತೆಗೆ ಬೆಲೆ ಏರುತ್ತಾ ಹೋಗಬಾರದು, ಇಳಿಯುತ್ತಾ ಬರಬೇಕು. ಓಲೆಯಿಂದ ಸರಕ್ಕೆ, ಸರದಿಂದ ಅರಮನೆಗೆ ಹೋದರೆ ಹಾಡು ಕಾಲ್ಪನಿಕವಾಗುತ್ತದೆ. ಇರುವ ಅರಮನೆಯನ್ನು ಬಿಡುವವರು ಎಷ್ಟು ಮಂದಿ? ಓಲೆಯಿಂದ ಹರಳಿಗೆ, ಹರಳಿನಿಂದ ಅಕ್ಕಿಗೆ ಇಳಿದರೆ ಅಡುಗೆಮನೆಗೆ ಬಂದು ನಿಲ್ಲುತ್ತೇವೆ, ಅಲ್ಲಿ ಸುಳ್ಳು ಹೇಳುವುದು ಕಷ್ಟ.

ಮೂಗುತಿ ಹರಳೂ ಬಿದ್ದೇ ಹೋಯಿತು
ಬೇಸರವೇನೂ ಇಲ್ಲ
ಡಬ್ಬಿಯ ತಳದಲಿ ಮೂರೇ ಹಿಡಿಯಿದೆ
ಗಂಜಿಗೆ ಚೂರೇ ಬೆಲ್ಲ

ಮೊದಲ ಸಾಲು ‘ಮೂಗುತಿ ಹರಳದು ಉದುರಿದರುದುರಲಿ’ ಎಂದೂ ಆಗಬಹುದಿತ್ತು, ಮಾತ್ರೆ ಅಷ್ಟೇ. ಆದರೆ ‘ಅದು’ ಬರೀ ಜಾಗ ತುಂಬಲು ಬಂದದ್ದು. ‘ಉದುರಲಿ’ ಎನ್ನುವುದರಲ್ಲಿ ಒಂದು ಧಿಮಾಕಿದೆ. ಬಿದ್ದೇ ಹೋಯಿತು ಎನ್ನುವವಳಿಗೆ ಅದು ಬೇಕಿತ್ತು ಎಂದು ಗೊತ್ತಾಗುತ್ತದೆ. ಬೇಸರವೇನೂ ಇಲ್ಲ ಎಂದು ಹೇಳಬೇಕಾಗಿ ಬಂದದ್ದರಲ್ಲೇ ಬೇಸರ ಇದೆ. ‘ಮೂರೇ’, ‘ಚೂರೇ’ ಒಳಪ್ರಾಸ, ‘ಇಲ್ಲ’, ‘ಬೆಲ್ಲ’ ಅಂತ್ಯಪ್ರಾಸ. ಒಳಪ್ರಾಸ ಮೂರನೆಯ ಗಣದಿಂದ ಎರಡನೆಯ ಗಣಕ್ಕೆ ಜಾರಿರುವುದರಿಂದ ಪ್ರಾಸ ಕಟ್ಟಿದ್ದು ಎದ್ದು ಕಾಣುವುದಿಲ್ಲ. ನಾಲ್ಕೂ ಸಾಲಿನ ಕೊನೆಗೆ ಒಂದೇ ಪ್ರಾಸ ಹಾಕುವ ಚಟ ಇರುವವರು ಗಮನಿಸಿ, ‘ಇಲ್ಲ, ಅಲ್ಲ, ಬೆಲ್ಲ, ಎಲ್ಲ’ ಬಂದರೆ ಅದು ಶಿಶುಗೀತೆಯ ಲಕ್ಷಣ.

ಎರಡನೆಯ ಚರಣ ಮೊದಲನೆಯದರ ನಕಲಾಗುವುದು ಸಾಮಾನ್ಯ. ಇನ್ನೆರಡು ವಸ್ತು ಸೇರಿಸಿ, ಮತ್ತೆ ಪಲ್ಲವಿಗೆ ಹೋಗುತ್ತಾರೆ. ಹೊಸ ವಸ್ತುವಿಗಿಂತ ಮುಖ್ಯವಾಗಿ ಹೊತ್ತು ಮುಂದೆ ಸರಿಯಬೇಕು.

ಸೈಟಿನ ಕಂತೂ ನಿಂತೇ ಹೋಯಿತು
ಊರಿನ ಮಾತಿಗೆ ಏನು
ರಾತ್ರಿಯ ಬಸ್ಸಿಗೆ ದೀಪವ ಹಿಡಿವೆನು
ಇಳಿಯುವನೊಬ್ಬನೆ ನೀನು

ಇಲ್ಲಿ ಮೂರಕ್ಕೆ ನಿಲ್ಲಿಸಬೇಕೆಂಬ ಮಾತನ್ನು ಸೈಟು ಮುರಿಯುತ್ತದೆ, ಬೆಲೆಯೂ ಒಮ್ಮೆಲೇ ಏರುತ್ತದೆ. ಬೇಕೆಂದೇ ಹಾಗೆ. ಮನೆಯೊಳಗಿನ ಕೊರತೆ ಈಗ ಊರಿಗೂ ಗೊತ್ತಾಗಿದೆ ಎಂದು ಹೇಳಲು ಊರಿಗೆ ಕಾಣುವ ವಸ್ತುವೇ ಬೇಕು. ಪಲ್ಲವಿಯಲ್ಲಿ ಸಂಜೆಗೆ ಬಾ ಎಂದಿದ್ದಳು, ಈಗ ರಾತ್ರಿಯಾಗಿದೆ. ಇದಾದ ಮೇಲೆ ‘ಸಂಜೆಗೆ ಬೇಗನೆ ಬಾರೊ’ ಎಂದು ಪಲ್ಲವಿ ಮರಳಿ ಬಂದಾಗ ಅಕ್ಷರ ಬದಲಾಗದೆ ಅರ್ಥ ಬದಲಾಗಿರುತ್ತದೆ. ‘ರಾತ್ರಿಯ’ ಬದಲು ‘ಕೊನೆಬಸ್’ ಎಂದು ಹಾಕುವ ಆಸೆ ಆಗಬಹುದು. ಆದರೆ ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದವನ್ನು ಗಣದ ಕೊನೆಗೆ ಇಟ್ಟರೆ ಗಾಯಕರಿಗೆ ಹಿಡಿಯಲು ಸ್ವರವೇ ಸಿಗುವುದಿಲ್ಲ, ‘ಸ್’ ಎಂದು ಮೈಕಿನಲ್ಲಿ ಸೀಟಿ ಹೊಡೆಯುತ್ತದೆ. ‘ಬಸ್ಸಿಗೆ’ ಎಂದು ವಿಭಕ್ತಿ ಹಚ್ಚಿದರೆ ಸಮಸ್ಯೆ ಇಲ್ಲ.

ಗಡುವಿನ ಬಲ ಏನೆಂದು ಪಂಚಮಿಯ ಜನಪದ ಹಾಡಿನಲ್ಲಿ ನೋಡಬಹುದು. ಹಬ್ಬಕ್ಕೆ ಉಳಿದದ್ದು ನಾಕೇ ದಿನ, ಅಣ್ಣ ಕರೆಯಲು ಯಾಕೆ ಬರಲಿಲ್ಲ ಎಂದು ತಂಗಿ ಕೇಳುತ್ತಾಳೆ. ಕಾಯುವಿಕೆಗೆ ಒಂದು ಸಂಖ್ಯೆ ಸಿಕ್ಕ ಕೂಡಲೇ ಅದು ಅಳೆಯಬಹುದಾದ ನೋವಾಗುತ್ತದೆ. ಪ್ರೇಮ ಎಂದರೆ ಗಂಡು–ಹೆಣ್ಣಿನದೇ ಆಗಬೇಕಿಲ್ಲ ಎಂಬುದೂ ಇದರಿಂದ ಗೊತ್ತಾಗುತ್ತದೆ. ಗೌರಿ ಹಬ್ಬ, ದೀಪಾವಳಿ, ತವರಿನ ಕರೆ, ಸೀರೆಗಿಂತ ಅಣ್ಣನ ಮುಖ ಮುಖ್ಯ ಎನ್ನುವ ಹಾಡಿಗೆ ಇನ್ನೂ ಬೇಕಾದಷ್ಟು ಜಾಗವಿದೆ. ಹಬ್ಬಕ್ಕೆ ಕಟ್ಟಿದ ಹಾಡಿಗೆ ಪ್ರತಿ ವರ್ಷ ಒಂದು ಜನ್ಮ. ಉಡುಗೊರೆ ಬೇಡ, ನೀನು ಬೇಕು ಎನ್ನುವ ಮರಾಯಾ ಕ್ಯಾರಿಯ ಕ್ರಿಸ್ಮಸ್ ಹಾಡು 1994ರದ್ದು, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂದದ್ದು 2019ರ ಡಿಸೆಂಬರಿನಲ್ಲಿ.

ಹಾಡುವವರು ಹೆಸರುವಾಸಿ ಶ್ರೀಮಂತರಾದರೆ ಏನು ಮಾಡುವುದು? ಸ್ಟಾರ್ ನಟನ ಬಾಯಿಗೆ ಬಡತನದ ಸಾಲು ಕೊಟ್ಟಾಗ ಜನ ನಗುವುದುಂಟು. ಅಮೆರಿಕದ ಗಾಯಕಿ ಅಲಿಷಿಯಾ ಕೀಸ್ ಅವರ ‘ಇಫ್ ಐ ಏಂಟ್ ಗಾಟ್ ಯು’ ಇದಕ್ಕೆ ಒಂದು ಉತ್ತರ ಕೊಡುತ್ತದೆ. 2003ರ ಆಲ್ಬಮ್ಮಿನ ಈ ಹಾಡಿನಲ್ಲಿ ‘ಕೆಲವರಿಗೆ ಅದು ಬೇಕು, ಕೆಲವರಿಗೆ ಇದು ಬೇಕು’ ಎಂದು ಮೂರನೆಯವರ ಆಸೆಗಳ ಪಟ್ಟಿ ಮೊದಲು ಬರುತ್ತದೆ, ‘ನಾನು’ ತಡವಾಗಿ. ತಾನು ಬಡವಳು ಎಂದು ಎಲ್ಲೂ ನಟಿಸುವುದಿಲ್ಲ, ಎಲ್ಲ ಇದ್ದೂ ನೀನಿಲ್ಲದಿದ್ದರೆ ಏನೂ ಇಲ್ಲ ಎಂಬ ನೆಲೆಯಲ್ಲಿ ಮಾತು ನಿಲ್ಲುತ್ತದೆ. 2001ರಲ್ಲಿ ಗಾಯಕಿ ಆಲಿಯಾ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು ಈ ಹಾಡಿಗೆ ಪ್ರೇರಣೆ ಎಂದು ಕೀಸ್ ಹೇಳಿದ್ದಾರೆ. ಉಳ್ಳವರ ದನಿಯಲ್ಲಿ ಬರೆಯುವಾಗ ಕೊರತೆಯ ಜಾಗದಲ್ಲಿ ಅಗಲಿಕೆ ಇರಬೇಕು. ಇಲ್ಲದಿದ್ದರೆ ತುಂಬಿದ ಹೊಟ್ಟೆಯ ಉಪವಾಸ.

ವೈರಾಗ್ಯ ನುಸುಳದಂತೆ ನೋಡಿಕೊಳ್ಳುವುದು ನಮ್ಮಲ್ಲಿ ವಿಶೇಷವಾಗಿ ಕಷ್ಟ. ದಾಸರ ಪದ, ತತ್ವಪದ ಕೇಳಿ ಬೆಳೆದ ಕಿವಿಗೆ ಬಂಗಾರ ಎಂದ ಕೂಡಲೇ ‘ಸ್ಥಿರವಲ್ಲ’ ಎಂಬ ಮಾತು ಹಿಂದೆಯೇ ಬರುತ್ತದೆ. ದಾಸರು ಹೊನ್ನನ್ನು ಬಿಡುವುದು ಅದು ನಿಲ್ಲುವುದಿಲ್ಲ ಎಂದು. ಪ್ರೇಮಿ ಬಿಡುವುದು ಇನ್ನೊಂದು ಹೆಚ್ಚು ಬೇಕು ಎಂದು. ಮೊದಲನೆಯದರಲ್ಲಿ ಆಸೆ ಆರಬೇಕು, ಎರಡನೆಯದರಲ್ಲಿ ಉರಿಯಬೇಕು. ‘ನಶ್ವರ’, ‘ಮಾಯೆ’, ‘ಮೂರು ದಿನದ ಬಾಳು’ ಇವು ಚರಣದಲ್ಲಿ ಕಂಡರೆ ಆ ಸಾಲನ್ನು ತೆಗೆದು ಬೇರೆ ಹಾಡಿಗೆ ಇಟ್ಟುಕೊಳ್ಳಿ.

ಕೊನೆಗೆ ಗಾಯಕರ ಕೈಗೆ ಕೊಡುವ ಮುನ್ನಿನ ಕೆಲಸ. ಕನ್ನಡದ ಎಷ್ಟೋ ಪದಗಳು ಉ, ಇ, ಎ ಕಾರದಲ್ಲಿ ಮುಗಿಯುತ್ತವೆ. ತಾರಸ್ಥಾಯಿಯಲ್ಲಿ ‘ಸಾಕು’ ಎಂದು ಎಳೆದರೆ ಬಾಯಿ ಮುಚ್ಚಿಕೊಂಡು ‘ಸಾಕೂ’ ಆಗುತ್ತದೆ, ದನಿ ತೆಳ್ಳಗಾಗುತ್ತದೆ. ‘ಬೇಡ’ ಎಳೆದರೆ ‘ಬೇಡಾ’, ಬಾಯಿ ತೆರೆದೇ ಇರುತ್ತದೆ. ‘ನೀನು’ವಿಗಿಂತ ‘ನೀನೇ’, ‘ಬಾರೊ’ವನ್ನು ಎಳೆಯುವ ಕಡೆ ‘ಬಾರೋ’ ಒಳ್ಳೆಯದು. ಟ್ಯೂನಿನ ಅತಿ ಎತ್ತರದ ಸ್ವರ ಎಲ್ಲಿದೆ ಎಂದು ಮೊದಲೇ ಕೇಳಿ ಗುರುತು ಹಾಕಿಕೊಂಡು, ಅಲ್ಲಿ ಆ, ಓ, ಏ ಬರುವಂತೆ ಪದ ಜೋಡಿಸಿ. ಟ್ರ್ಯಾಕ್ ಹಾಡುವವರಿಗೆ ಕೊಡುವ ಹಾಳೆಯಲ್ಲಿ ಗಣಕ್ಕೊಂದು ಗೀಟು, ಉಸಿರಿನ ಜಾಗಕ್ಕೊಂದು ಅಲ್ಪವಿರಾಮ ಇರಲಿ. ಪರಭಾಷೆಯ ಗಾಯಕರು ತಮ್ಮ ಲಿಪಿಯಲ್ಲಿ ಬರೆದುಕೊಳ್ಳುವಾಗ ‘ಳ’ ಹೋಗಿ ‘ಲ’ ಆಗುವುದು, ಹ್ರಸ್ವ ದೀರ್ಘ ಅದಲುಬದಲಾಗುವುದು ಬಹಳ. ‘ಹರಳು’, ‘ಇಳಿಯುವ’, ‘ತಳ’ ಇಂಥ ಪದಗಳ ಕೆಳಗೆ ಗೆರೆ ಎಳೆದು, ರೆಕಾರ್ಡಿಂಗ್ ದಿನ ಆ ಮೂರನ್ನು ಮಾತ್ರ ಬೇರೆಯಾಗಿ ಹೇಳಿಸಿ ನೋಡಿ.